ಬೆಂಗಳೂರಿನ ಪಾಲಿಕೆ ಚುನಾವಣೆ: ನಕ್ಷೆ ಬದಲಾದಾಗಲೆಲ್ಲ ಮುಂದಕ್ಕೆ ಹೋದ ವೋಟು

ಇವತ್ತಿನ ಕಂತನ್ನು ಒಂದು ಸಣ್ಣ ಪ್ರಶ್ನೆಯಿಂದ ಶುರು ಮಾಡೋಣ. ನಿಮ್ಮ ವಾರ್ಡಿನ ಕಾರ್ಪೊರೇಟರ್ ಯಾರು? ಬೆಂಗಳೂರಿನಲ್ಲಿದ್ದೀರಿ ಅಂದ್ರೆ ತಲೆ ಕೆರೆದುಕೊಳ್ಳೋದು ಬೇಡ. ಯಾರೂ ಇಲ್ಲ. 2020ರ ಸೆಪ್ಟೆಂಬರ್ 10ಕ್ಕೆ ಕೊನೆಯ ಕೌನ್ಸಿಲ್ ಅವಧಿ ಮುಗೀತು. ಆಮೇಲೆ ಈ ಊರಿಗೆ ಕಾರ್ಪೊರೇಟರೂ ಇಲ್ಲ, ಮೇಯರೂ ಇಲ್ಲ.

ಕೊನೆಯ ಪಾಲಿಕೆ ಚುನಾವಣೆ ನಡೆದಿದ್ದು 2015ರ ಆಗಸ್ಟ್ 22, ಶನಿವಾರ. ಅಪ್ಪ ಅಮ್ಮ ಮತಗಟ್ಟೆಯೊಳಗೆ ಹೋದ್ರು, ನಾನು ಶಾಲೆಯ ಗೇಟಿನ ಹೊರಗೆ ಸ್ಕೂಟರ್ ಹತ್ತಿರ ನಿಂತಿದ್ದೆ. ನನಗೆ 18 ತುಂಬೋಕೆ ಇನ್ನೂ ಮೂರು ತಿಂಗಳಿತ್ತು. "ಮುಂದಿನ ಸಲ ಹಾಕುವಿಯಂತೆ ಬಿಡು" ಅಂದ್ರು ಅಪ್ಪ. ಈಗ ನನಗೆ 28. ಎಂಎಲ್‌ಎ ಚುನಾವಣೆಗೆ ಎರಡು ಸಲ, ಎಂಪಿ ಚುನಾವಣೆಗೆ ಎರಡು ಸಲ ವೋಟು ಹಾಕಿದ್ದೀನಿ. ಅಪ್ಪ ಹೇಳಿದ ಆ ಮುಂದಿನ ಸಲ ಮಾತ್ರ ಇನ್ನೂ ಬಂದಿಲ್ಲ.

ಈಗ ಪಾಲಿಕೆ ಚುನಾವಣೆಯ ಮಾತು ಮತ್ತೆ ಜೋರಾಗಿದೆ. ಇಷ್ಟು ತಡ ಯಾಕಾಯ್ತು ಅಂತ ಸ್ವಲ್ಪ ಹಿಂದಕ್ಕೆ ಹೋಗಿ ನೋಡೋಣ.

ಬೆಂಗಳೂರಿನಲ್ಲಿ ಪುರಸಭೆಯ ಕಥೆ ಶುರುವಾಗೋದು 1862ರಲ್ಲಿ. ಪೇಟೆಗೊಂದು ಮಂಡಳಿ, ದಂಡು ಪ್ರದೇಶಕ್ಕೆ, ಅಂದ್ರೆ ಕಂಟೋನ್ಮೆಂಟಿಗೆ, ಇನ್ನೊಂದು. ಒಂದೇ ಊರು, ಎರಡು ಆಡಳಿತ. ಸ್ವಾತಂತ್ರ್ಯ ಬಂದ ಮೇಲೆ, 1949ರಲ್ಲಿ, ಎರಡನ್ನೂ ಸೇರಿಸಿ ಬೆಂಗಳೂರು ನಗರ ಕಾರ್ಪೊರೇಷನ್ ಮಾಡಿದರು. ಮೇಯರ್ ಹುದ್ದೆ ಬಂದಿದ್ದೂ ಆಗಲೇ.

ಮುಂದಿನ ದೊಡ್ಡ ತಿರುವು 1993. ಅಲ್ಲಿವರೆಗೂ ದೇಶದ ಎಷ್ಟೋ ಊರುಗಳಲ್ಲಿ ರಾಜ್ಯ ಸರ್ಕಾರಗಳು ಪುರಸಭೆಗಳನ್ನು ಸೂಪರ್‌ಸೀಡ್ ಮಾಡಿ, ಆಡಳಿತಾಧಿಕಾರಿಯನ್ನು ಕೂರಿಸಿ, ವರ್ಷಗಟ್ಟಲೆ ಚುನಾವಣೆ ಮಾಡದೆ ಇರ್ತಿದ್ದವು. ಸಂವಿಧಾನದ 74ನೇ ತಿದ್ದುಪಡಿ ಇದಕ್ಕೆ ಬೇಲಿ ಹಾಕಿತು. ಪಾಲಿಕೆಗೆ ಐದು ವರ್ಷ ಅವಧಿ. ಅದು ಮುಗಿಯೋ ಮೊದಲೇ ಹೊಸ ಚುನಾವಣೆ ಮುಗಿದಿರಬೇಕು. ಮಧ್ಯದಲ್ಲೇ ವಿಸರ್ಜನೆ ಮಾಡಿದರೆ ಆರು ತಿಂಗಳೊಳಗೆ ಮಾಡಬೇಕು. ಇಷ್ಟು ಸ್ಪಷ್ಟವಾಗಿ ಬರೆದಿದೆ.

ಹಾಗಾದ್ರೆ ಬೇಲಿ ಹಾರಿದ್ದು ಹೇಗೆ? ನಕ್ಷೆ ಹಿಡಿದುಕೊಂಡು.

ಮೊದಲನೇ ಸಲ 2006ರಲ್ಲಿ. 2001ರಲ್ಲಿ 100 ವಾರ್ಡುಗಳಿಗೆ ಆಯ್ಕೆಯಾಗಿದ್ದ ಕೌನ್ಸಿಲ್ ಅವಧಿ ಆ ನವೆಂಬರಿನಲ್ಲಿ ಮುಗೀತು. 2007ರಲ್ಲಿ ಬೊಮ್ಮನಹಳ್ಳಿ, ಮಹದೇವಪುರ, ಯಲಹಂಕ, ದಾಸರಹಳ್ಳಿ ಸೇರಿ ಏಳು ನಗರಸಭೆ, ಕೆಂಗೇರಿ ಪುರಸಭೆ, 110 ಹಳ್ಳಿ, ಎಲ್ಲವನ್ನೂ ಸೇರಿಸಿ ಬಿಬಿಎಂಪಿ ಮಾಡಿದರು. ಊರು ದೊಡ್ಡದಾಯ್ತು, ವಾರ್ಡು 198 ಆದವು. ಚುನಾವಣೆ? 2010ರ ಮಾರ್ಚ್ 28ಕ್ಕೆ. ಮೂರು ವರ್ಷಕ್ಕೂ ಹೆಚ್ಚು ಕಾಲ ಕೌನ್ಸಿಲ್ಲೇ ಇರಲಿಲ್ಲ.

ಎರಡನೇ ಸಲ 2020ರಲ್ಲಿ. ಅವಧಿ ಮುಗಿಯೋ ಹೊತ್ತಿಗೆ 198 ಸಾಲದು, 243 ಮಾಡ್ತೀವಿ ಅಂದ್ರು. ಆ ಡಿಸೆಂಬರಿನಲ್ಲಿ ಹೈಕೋರ್ಟು 198ಕ್ಕೇ ಚುನಾವಣೆ ಮಾಡಿ ಅಂತು. ಎರಡು ವಾರದಲ್ಲಿ ಸುಪ್ರೀಂ ಕೋರ್ಟಿನಿಂದ ತಡೆ ಬಂತು. 2022ರಲ್ಲಿ 243 ವಾರ್ಡಿನ ಪಟ್ಟಿ ಬಂತು, ಮೀಸಲಾತಿ ಪಟ್ಟಿ ಕೋರ್ಟಿನಲ್ಲಿ ಬಿತ್ತು. 2023ರಲ್ಲಿ ಸರ್ಕಾರ ಬದಲಾಯ್ತು, ವಾರ್ಡು 225 ಆದವು. ಆಮೇಲೆ ಬಿಬಿಎಂಪಿಯೇ ಹೋಯ್ತು. ಗ್ರೇಟರ್ ಬೆಂಗಳೂರು ಕಾಯ್ದೆ ಬಂದು 2025ರ ಸೆಪ್ಟೆಂಬರಿನಿಂದ ಐದು ಪಾಲಿಕೆ, ಒಟ್ಟು 369 ವಾರ್ಡು.

ಇದರಲ್ಲಿ ಯಾವುದೋ ಒಂದು ಪಕ್ಷವನ್ನು ಬೈದು ಮುಗಿಸೋ ಹಾಗಿಲ್ಲ. 2006ರಲ್ಲಿ ಜೆಡಿಎಸ್–ಬಿಜೆಪಿ ಮೈತ್ರಿ, 2020ರಲ್ಲಿ ಬಿಜೆಪಿ, 2023ರಿಂದ ಕಾಂಗ್ರೆಸ್. ಮೂವರ ಕಾಲದಲ್ಲೂ ಇದೇ ಆಗಿದೆ.

ಹಾಗಂತ ನಕ್ಷೆ ಬದಲಿಸೋದೇ ತಪ್ಪಾ? ಅಲ್ಲ. ಊರು ಬೆಳೆದಿರೋದು ಸುಳ್ಳಲ್ಲ. 2011ರ ಜನಗಣತಿಯಲ್ಲೇ ಬಿಬಿಎಂಪಿ ಜನಸಂಖ್ಯೆ ಸುಮಾರು 84 ಲಕ್ಷ. 198ರಿಂದ ಭಾಗಿಸಿದರೆ ಒಂದು ವಾರ್ಡಿಗೆ ಸರಾಸರಿ 42 ಸಾವಿರ ಜನ. 369ರಿಂದ ಭಾಗಿಸಿದರೆ ಸುಮಾರು 23 ಸಾವಿರ. ಚಿಕ್ಕ ವಾರ್ಡು ಅಂದ್ರೆ ಕಾರ್ಪೊರೇಟರ್ ಕೈಗೆ ಸಿಗೋ ಸಾಧ್ಯತೆ ಜಾಸ್ತಿ. ನನ್ನ ತಕರಾರು ಸಮಯದ ಬಗ್ಗೆ. ಅವಧಿ ಯಾವತ್ತು ಮುಗಿಯುತ್ತೆ ಅಂತ ಐದು ವರ್ಷ ಮೊದಲೇ ಗೊತ್ತಿರುತ್ತೆ. ಗೆರೆ ಎಳೆಯೋ ಕೆಲಸ ಅಷ್ಟರೊಳಗೆ ಮುಗಿಸಬಹುದಲ್ವಾ?

ನಾನು ಓದಿದ್ದು ಬಿ.ಕಾಂ. ಷೇರುದಾರರ ವಾರ್ಷಿಕ ಸಭೆ ಕರೆಯೋದು ಕಂಪನಿಗೆ ಕಡ್ಡಾಯ ಅಂತ ನಮಗೆ ಪಾಠ ಮಾಡಿದ್ರು. "ಹೊಸ ಬ್ರಾಂಚ್ ತೆಗೀತಿದ್ದೀವಿ, ಸಭೆ ಐದು ವರ್ಷ ಬಿಟ್ಟು ಇಟ್ಕೊಳ್ಳೋಣ" ಅಂದ್ರೆ ಯಾರಾದ್ರೂ ಒಪ್ತಾರಾ? ಇಲ್ಲಿ ಆಗಿದ್ದು ಅದೇ. ಆಸ್ತಿ ತೆರಿಗೆ ಪ್ರತಿ ವರ್ಷ ಕಟ್ಟಿದ್ದೀವಿ. 2025–26ರ ಬಿಬಿಎಂಪಿ ಬಜೆಟ್ 19 ಸಾವಿರ ಕೋಟಿ ರೂಪಾಯಿ ದಾಟಿತ್ತು. ಅದನ್ನು ಕೂತು ಚರ್ಚೆ ಮಾಡೋಕೆ, "ನಮ್ಮ ರಸ್ತೆ ದುಡ್ಡು ಎಲ್ಲಿ?" ಅಂತ ಕೇಳೋಕೆ, ನಾವು ಆರಿಸಿದ ಒಬ್ಬರೂ ಇರಲಿಲ್ಲ. ಅಧಿಕಾರಿಗಳು ಕೆಟ್ಟವರು ಅಂತಲ್ಲ. ಆದರೆ ಅವರು ಐದು ವರ್ಷಕ್ಕೊಮ್ಮೆ ನಮ್ಮ ಬಾಗಿಲಿಗೆ ಬಂದು ಕೈಮುಗಿಯಬೇಕಾಗಿಲ್ಲ.

2015ರಲ್ಲಿ ಊರಿನ ಅರ್ಧಕ್ಕರ್ಧ ಮತದಾರರು ಮತಗಟ್ಟೆಗೇ ಹೋಗಿರಲಿಲ್ಲ. ವೋಟು ಹಾಕದಿದ್ದರೆ ಚುನಾವಣೆ ಮುಂದೂಡಿದರೂ ಯಾರೂ ಕೇಳಲ್ಲ ಅನ್ನೋ ಧೈರ್ಯ ಬರುತ್ತೆ.

ಅದಕ್ಕೇ, ಈ ಕಂತು ಮುಗಿದ ಮೇಲೆ ಎರಡು ಕೆಲಸ ಮಾಡಿ. ಮತದಾರರ ಪಟ್ಟಿಯಲ್ಲಿ ನಿಮ್ಮ ಹೆಸರಿದೆಯಾ ನೋಡಿ. 369ರಲ್ಲಿ ನಿಮ್ಮ ವಾರ್ಡು ಯಾವುದು, ಐದರಲ್ಲಿ ಯಾವ ಪಾಲಿಕೆ ಅಂತ ತಿಳ್ಕೊಳ್ಳಿ. ನಾನು ನೋಡಿದ್ದೀನಿ. ಈ ಸಲ ಅಪ್ಪನ ಜೊತೆ ಗೇಟಿನ ಒಳಗೆ ಹೋಗ್ತೀನಿ. ಸ್ಕೂಟರ್ ಅದರ ಪಾಡಿಗೆ ಹೊರಗೆ ನಿಂತಿರಲಿ.

ಮುಂದಿನ ಕಂತಿನಲ್ಲಿ ಸಿಗೋಣ.