‘ಹುಡುಗಿಯರಿಗೆ ಗಣಿತ, ತಂತ್ರಜ್ಞಾನ ಒಗ್ಗುವುದಿಲ್ಲ’ ಎಂಬುದು ನಿಜವೇ?

ಎಸ್‌ಎಸ್‌ಎಲ್‌ಸಿ ಫಲಿತಾಂಶ ಬಂತೆಂದರೆ ಸಾಕು, ವಾಟ್ಸ್‌ಆ್ಯಪ್ ಗ್ರೂಪುಗಳಲ್ಲಿ ಒಂದು ಮಾತು ಮತ್ತೆ ಓಡಾಡುತ್ತದೆ: ‘ಹುಡುಗಿಯರ ತಲೆಗೆ ಗಣಿತ ಹತ್ತುವುದಿಲ್ಲ, ಎಂಜಿನಿಯರಿಂಗ್ ಗಂಡುಮಕ್ಕಳ ಓದು.’ ನಾವು ನಕ್ಕು ಮುಂದೆ ಕಳಿಸಿಬಿಡುತ್ತೇವೆ. ಆದರೆ ಬೀಳಗಿ ತಾಲೂಕಿನ ಗಲಗಲಿಯಂಥ ಊರಿನಲ್ಲಿ ಅದೇ ವಾರ ಮಗಳನ್ನು ಯಾವ ಕೋರ್ಸಿಗೆ ಸೇರಿಸಬೇಕೆಂದು ಮನೆಯವರು ಯೋಚಿಸುತ್ತಿರುತ್ತಾರೆ. ಹಾಗಾಗಿ ಈ ಮಾತನ್ನು ಒಮ್ಮೆ ಪರಿಶೀಲಿಸೋಣ.

ಗಣಿತ ಬರುವುದಿಲ್ಲವೇ?

ಅಮೆರಿಕದಲ್ಲಿ 70 ಲಕ್ಷಕ್ಕೂ ಹೆಚ್ಚು ಶಾಲಾ ಮಕ್ಕಳ ಗಣಿತದ ಅಂಕಗಳನ್ನು ಹೋಲಿಸಿದ ಅಧ್ಯಯನವೊಂದು 2008ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಪ್ರಕಟವಾಯಿತು. ಹುಡುಗ, ಹುಡುಗಿಯರ ಸರಾಸರಿಯಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ನಮ್ಮ ಎಸ್‌ಎಸ್‌ಎಲ್‌ಸಿ, ದ್ವಿತೀಯ ಪಿಯುಸಿ ಫಲಿತಾಂಶದಲ್ಲೂ ವರ್ಷವರ್ಷ ಹುಡುಗಿಯರದ್ದೇ ಮೇಲುಗೈ.

ತಂತ್ರಜ್ಞಾನ ಗಂಡಸರದ್ದೇ?

1946ರಲ್ಲಿ ಲೋಕಕ್ಕೆ ಪರಿಚಯವಾದ ‘ಎನಿಯಾಕ್’ ಕಂಪ್ಯೂಟರಿಗೆ ಪ್ರೋಗ್ರಾಂ ಬರೆದವರು ಆರು ಮಂದಿ ಮಹಿಳೆಯರು. ಕರ್ನಾಟಕದ ಮೊದಲ ಮಹಿಳಾ ಎಂಜಿನಿಯರ್ ಎಂದು ಹೆಸರಾದ ರಾಜೇಶ್ವರಿ ಚಟರ್ಜಿ ಮೊದಲು ಓದಿದ್ದು ಗಣಿತವನ್ನೇ. ಆಮೇಲೆ ಅವರು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಮೈಕ್ರೋವೇವ್, ಆಂಟೆನಾ ಕುರಿತು ಸಂಶೋಧನೆ ಮಾಡಿ, ದಶಕಗಳ ಕಾಲ ಪಾಠ ಹೇಳಿದರು.

ಹಾಗಾದರೆ ಅಡ್ಡಿ ಎಲ್ಲಿದೆ?

ಶಿಗ್ಗಾವಿಯಲ್ಲಿ ಹುಟ್ಟಿದ ಸುಧಾ ಮೂರ್ತಿ ಹುಬ್ಬಳ್ಳಿಯ ಬಿವಿಬಿ ಕಾಲೇಜಿನಲ್ಲಿ ಎಂಜಿನಿಯರಿಂಗ್ ಸೇರಿದಾಗ ತರಗತಿಯಲ್ಲಿ ಅವರೊಬ್ಬರೇ ಹುಡುಗಿ. ಹೆಣ್ಣುಮಕ್ಕಳಿಗೆ ಶೌಚಾಲಯವೂ ಇರಲಿಲ್ಲವೆಂದು ಅವರೇ ಹೇಳಿಕೊಂಡಿದ್ದಾರೆ. ಮುಂದೆ ಟೆಲ್ಕೊ ಕಂಪನಿಯ ಜಾಹೀರಾತಿನಲ್ಲಿ ‘ಮಹಿಳೆಯರು ಅರ್ಜಿ ಹಾಕಬೇಕಿಲ್ಲ’ ಎಂದಿದ್ದನ್ನು ಕಂಡು ಜೆ.ಆರ್.ಡಿ. ಟಾಟಾ ಅವರಿಗೆ ಪೋಸ್ಟ್‌ಕಾರ್ಡ್ ಬರೆದರು, ಕೆಲಸವೂ ಸಿಕ್ಕಿತು. ಅಂದರೆ ಕೊರತೆ ಇದ್ದದ್ದು ತಲೆಯಲ್ಲಲ್ಲ, ವ್ಯವಸ್ಥೆಯಲ್ಲಿ. ಹಳ್ಳಿಗಳಲ್ಲಿ ಇಂದಿಗೂ ಕಾಲೇಜಿನ ದೂರ, ಫೀಸು, ಬೇಗ ಮದುವೆ ಮಾಡುವ ಆತುರ, ಇವೇ ದಾರಿಗೆ ಅಡ್ಡ ಬರುತ್ತವೆ.

ಮನೆಯವರಿಗೆ ಗೊತ್ತಿರಬೇಕಾದದ್ದು

• ಎಂಜಿನಿಯರಿಂಗ್ ಆಸೆ ಇದ್ದರೆ ಪಿಯುಸಿಯಲ್ಲಿ ಭೌತಶಾಸ್ತ್ರ, ಗಣಿತ ಬಿಡಬೇಡಿ. ‘ಕಷ್ಟ’ ಎಂದು ಗಣಿತ ಬಿಡಿಸಿದರೆ ಆ ಬಾಗಿಲು ಅಲ್ಲೇ ಮುಚ್ಚಿದಂತೆ.

• ಎಸ್‌ಎಸ್‌ಎಲ್‌ಸಿ ನಂತರ ಮೂರು ವರ್ಷದ ಡಿಪ್ಲೊಮಾ ಇನ್ನೊಂದು ದಾರಿ. ಅದು ಮುಗಿದ ಮೇಲೆ ಡಿಸಿಇಟಿ ಬರೆದು ಎಂಜಿನಿಯರಿಂಗಿನ ಎರಡನೇ ವರ್ಷಕ್ಕೇ ಸೇರಬಹುದು.

• ಎಐಸಿಟಿಇಯ ‘ಪ್ರಗತಿ’ ವಿದ್ಯಾರ್ಥಿವೇತನ ಹುಡುಗಿಯರಿಗೆಂದೇ ಇದೆ: ಆಯ್ಕೆಯಾದರೆ ವರ್ಷಕ್ಕೆ 50,000 ರೂಪಾಯಿ. ಕುಟುಂಬದ ವಾರ್ಷಿಕ ಆದಾಯ 8 ಲಕ್ಷ ಮೀರಿರಬಾರದು. ಒಂದು ಮನೆಯ ಇಬ್ಬರು ಹುಡುಗಿಯರಿಗೆ ಅವಕಾಶ. ಅರ್ಜಿ ರಾಷ್ಟ್ರೀಯ ವಿದ್ಯಾರ್ಥಿವೇತನ ಪೋರ್ಟಲ್‌ನಲ್ಲಿ, ಉಚಿತ. ‘ಮಂಜೂರು ಮಾಡಿಸಿಕೊಡುತ್ತೇವೆ’ ಎಂದು ಹಣ ಕೇಳುವ ಲಿಂಕ್ ಬಂದರೆ ನಂಬಬೇಡಿ.

• ಬಾಗಲಕೋಟೆಯಲ್ಲಿ ಬಸವೇಶ್ವರ ಎಂಜಿನಿಯರಿಂಗ್ ಕಾಲೇಜು 1963ರಿಂದಲೂ ಇದೆ. ‘ಶಕ್ತಿ’ ಯೋಜನೆ ಬಂದ ಮೇಲೆ, ಅಂದರೆ 2023ರ ಜೂನ್ 11ರಿಂದ, ರಾಜ್ಯದ ಸಾಮಾನ್ಯ ಸರ್ಕಾರಿ ಬಸ್ಸುಗಳಲ್ಲಿ ಹೆಣ್ಣುಮಕ್ಕಳಿಗೆ ಟಿಕೆಟ್ ಖರ್ಚಿಲ್ಲ.

ನಮ್ಮ ತೀರ್ಮಾನ

ಮಾತು ಸುಳ್ಳು. ಗಲಗಲಿಗೆ ಬುದ್ಧಿವಂತ ಹೆಣ್ಣುಮಕ್ಕಳು ಹೊಸಬರೇನಲ್ಲ; ಹರಿದಾಸ ಸಾಹಿತ್ಯದಲ್ಲಿ ಹೆಸರಾದ ಗಲಗಲಿ ಅವ್ವ ಇದೇ ಊರಿನವರು. ಮುಂದಿನ ಸಲ ಆ ಫಾರ್ವರ್ಡ್ ಬಂದರೆ ಅಲ್ಲೇ ನಿಲ್ಲಿಸಿ. ಕಳಿಸಲೇಬೇಕೆಂದರೆ ಮೇಲಿನ ವಿದ್ಯಾರ್ಥಿವೇತನದ ವಿಷಯ ಕಳಿಸಿ. ಯಾರದೋ ಮನೆಯ ಹುಡುಗಿಗೆ ಅದು ಬೇಕಾಗಿರಬಹುದು.