ಚಿಗುಳ್ಳೆಂದರೂ ವಸಡೆಂದರೂ



ನಾವು ವಸಡು ಎನ್ನುವುದನ್ನು ನಾರಾಯಣಪೇಟೆ, ಮಕ್ತಲ, ಗದ್ವಾಲದ ತೆಲುಗು ನೆರೆಯವರು ಚಿಗುಳ್ಳು ಎನ್ನುತ್ತಾರೆ. ಚಿಗುರು ಎಂಬ ಮಾತು ಎರಡು ಭಾಷೆಗೂ ಸೇರಿದ್ದು. ಚಿವುಟಿದರೂ ಮತ್ತೆ ಬರುವುದು ಅದರ ಗುಣ. ಈ ಗುಣ ನೆನಪಿರಲಿ, ಮುಂದೆ ಬೇಕಾಗುತ್ತದೆ.

ನಗುವಾಗ ಹಲ್ಲಿಗಿಂತ ವಸಡೇ ಹೆಚ್ಚು ಕಾಣುತ್ತದೆಂದು ಅದನ್ನು ಕತ್ತರಿಸಿ ತಿದ್ದಿಸಿಕೊಳ್ಳುವುದು ಈಗ ಪೇಟೆಗಳಲ್ಲಿ ನಡೆದಿದೆ. ಮದುವೆ ಗೊತ್ತಾದ ಮನೆಗಳಲ್ಲಿ ಈ ಮಾತು ಬರುವುದುಂಟು. ವಸಡಿನ ಚೆಲುವು ಹೊಸ ಹುಚ್ಚೇನಲ್ಲ. ನಿಜಾಮರ ಸೀಮೆಯ ದಖನಿ ಮನೆಗಳಲ್ಲಿ ಹೆಣ್ಣುಮಕ್ಕಳು ಮಿಸ್ಸಿ ಹಚ್ಚುತ್ತಿದ್ದರು. 1832ರಲ್ಲಿ ಇಂಗ್ಲಿಷಿನಲ್ಲಿ ಅಚ್ಚಾದ ಜಾಫರ್ ಷರೀಫರ ‘ಕಾನೂನ್-ಎ-ಇಸ್ಲಾಂ’ ಪುಸ್ತಕದಲ್ಲಿ ಅದರ ಪ್ರಸ್ತಾಪವಿದೆ. ಆ ಪುಡಿಯಿಂದ ಹಲ್ಲಿನ ಸಂದು, ವಸಡು ಕಪ್ಪಾದರೆ ಅದೇ ಅಂದ! ಇಂದಿನವರು ಕಪ್ಪು ವಸಡನ್ನು ಕೆರೆಸಿ ಗುಲಾಬಿ ಮಾಡಿಸಿಕೊಳ್ಳುತ್ತಾರೆ. ನಮ್ಮ ಮೈಬಣ್ಣದವರಲ್ಲಿ ವಸಡು ಕಪ್ಪಗಿರುವುದು ಸಾಮಾನ್ಯವಾಗಿ ರೋಗವಲ್ಲ, ಕೆರೆಸಿದರೂ ಬಣ್ಣ ಮರಳುವುದುಂಟು.

ಕತ್ತರಿಸುವ ವಿದ್ಯೆ ಇನ್ನೂ ಹಳೆಯದು. ಸುಶ್ರುತ ಸಂಹಿತೆ ಹಲ್ಲಿನ ಬುಡದ ರೋಗಗಳನ್ನು 15 ಎಂದು ಎಣಿಸುತ್ತದೆ. ಕಡೆಯ ದವಡೆಹಲ್ಲಿನ ಬಳಿ ಬೆಳೆದ ‘ಅಧಿಮಾಂಸ’ವನ್ನು ಕತ್ತರಿಸಿ, ಬಜೆ ಮೊದಲಾದವುಗಳ ಪುಡಿಯನ್ನು ಜೇನಿನಲ್ಲಿ ಹಚ್ಚಲು ಹೇಳುತ್ತದೆ. ಅದು ನೋವಿಗೆ, ಚೆಲುವಿಗಲ್ಲ. ಯುರೋಪಿನಲ್ಲಿ 1884ರಲ್ಲಿ ರೋಬಿಚೆಕ್ ಎಂಬ ವೈದ್ಯರು ವಸಡು ಕೊಯ್ಯುವ ಕ್ರಮವನ್ನು ಬರೆದಿಟ್ಟರು. ಅದೂ ರೋಗಕ್ಕೇ.

ಈಗ ಚಿಗುರಿನ ಮಾತಿಗೆ ಬರೋಣ. 1938ರಲ್ಲಿ ಮೆರಿಟ್ ಮತ್ತು ಪುಟ್ನಮ್ ಎಂಬವರು ಮೂರ್ಛೆರೋಗಕ್ಕೆ ಫಿನಿಟಾಯಿನ್ ಉಪಯುಕ್ತವೆಂದು ತೋರಿಸಿದರು. ಮರುವರ್ಷವೇ, 1939ರಲ್ಲಿ, ಕಿಂಬಾಲ್ ಎಂಬ ವೈದ್ಯರು ಅದನ್ನು ನುಂಗುವವರಲ್ಲಿ ವಸಡು ಉಬ್ಬಿ ಹಲ್ಲನ್ನು ಮುಚ್ಚುವುದನ್ನು ವರದಿ ಮಾಡಿದರು. ರಕ್ತದೊತ್ತಡದ ಅಮ್ಲೋಡಿಪಿನ್ ಗುಳಿಗೆಯಿಂದಲೂ ಕೆಲವರಿಗೆ ಹೀಗಾಗುತ್ತದೆ. ಗುಳಿಗೆ ಮುಂದುವರಿದು, ಹಲ್ಲಿನ ಪಾಚಿಯೂ ಉಳಿದರೆ, ಕತ್ತರಿಸಿದ್ದು ಮತ್ತೆ ಬೆಳೆಯುತ್ತದೆ. ಹಾಗೆಂದು ನಾಚಿಕೆಗೆ ಅಂಜಿ ಫಿಟ್ಸಿನ ಗುಳಿಗೆಯನ್ನು ತಾವೇ ನಿಲ್ಲಿಸಬೇಡಿ ತಾಯಿ, ಹೊಲದಲ್ಲೋ ಬಾವಿಯ ದಡದಲ್ಲೋ ಫಿಟ್ಸ್ ಬಂದರೆ ಪ್ರಾಣಕ್ಕೇ ಕುತ್ತು. ಔಷಧ ಬದಲಿಸಬಹುದೇ ಎಂದು ಅದನ್ನು ಬರೆದುಕೊಟ್ಟ ವೈದ್ಯರನ್ನೇ ಕೇಳಿ.

ಇನ್ನೊಂದು ಸೂಕ್ಷ್ಮವಿದೆ. 1961ರಲ್ಲಿ ಗಾರ್ಜಿಯುಲೊ ಮತ್ತು ಸಂಗಡಿಗರು ಅಳೆದು ನೋಡಿದಂತೆ, ಎಲುಬಿನ ಅಂಚಿನ ಮೇಲೆ ಸರಾಸರಿ 2 ಮಿಲಿಮೀಟರಿನಷ್ಟು ವಸಡು ಹಲ್ಲಿಗೆ ಅಂಟಿಕೊಂಡಿರುತ್ತದೆ. ಆ ಜಾಗ ಬಿಡದೆ ಕೊಯ್ದರೆ ವಸಡು ಕೆಂಪಾಗಿ ಊದಿಕೊಂಡೇ ಇರುತ್ತದೆ, ಇಲ್ಲವೇ ಮತ್ತೆ ಇಳಿದು ಬರುತ್ತದೆ. ಕೆಲವರಿಗೆ ಎಲುಬನ್ನೂ ಸ್ವಲ್ಪ ಕೆತ್ತಬೇಕಾಗುತ್ತದೆ. ಮೇಲ್ದವಡೆ ಉದ್ದವಾಗಿದ್ದರೆ ವಸಡು ಕೊಯ್ಯುವುದೊಂದರಿಂದಲೇ ನಗು ತಿದ್ದದು. ಲೇಸರಿನಿಂದ ಮಾಡಿದರೂ ಲೆಕ್ಕ ಇದೇ.

ಗದ್ವಾಲ 1956ರ ತನಕ ರಾಯಚೂರು ಜಿಲ್ಲೆಗೇ ಸೇರಿತ್ತು. ರಾಯಚೂರಿನಲ್ಲಿ ಇಂದು ದಂತವೈದ್ಯ ಕಾಲೇಜುಗಳಿವೆ, ಗಡಿಯಾಚೆ ಹೋಗಿ ತೋರಿಸಿಕೊಳ್ಳುವುದಕ್ಕೆ ಯಾರ ಅಡ್ಡಿಯೂ ಇಲ್ಲ. ಎಲುಬು ಎಲ್ಲಿದೆ, ಎಷ್ಟು ವಸಡು ಉಳಿಸುತ್ತೀರಿ ಎಂದು ಕೊಯ್ಯುವ ಮುಂಚೆ ಕೇಳಿ. ದಿನವೂ ನುಂಗುವ ಗುಳಿಗೆಯ ಚೀಟಿ ಚೀಲದಲ್ಲಿರಲಿ.