ನೌಗಾಂವ್‌ನ ಗಾಂಜಾ ಹೊಲ, ಹಳದಿ ಎಲೆಯ ಲೆಕ್ಕ

ಗಾಂಜಾ ಬಗ್ಗೆ ಬರೆಯುತ್ತೇನೆಂದರೆ ಪೊಲೀಸರ ದಾಳಿಯ ಕತೆ ಎಂದುಕೊಳ್ಳುವವರು ಕೆಲವರು, ಸಾಧುಗಳ ಚಿಲುಮೆಯ ಕತೆ ಎಂದುಕೊಳ್ಳುವವರು ಕೆಲವರು. ನಾನು ಹೇಳಹೊರಟಿದ್ದು ಗೊಬ್ಬರದ ಕತೆ. ಮಣ್ಣು, ಎಲೆ ಪರೀಕ್ಷಿಸುವ ಪ್ರಯೋಗಾಲಯದಲ್ಲೇ ತಲೆ ಬೆಳ್ಳಗಾದವನು ನಾನು. ಟವೆಲ್ಲಿನ ಅಂಚಿನಲ್ಲಿ ಕಟ್ಟಿ ತಂದ ಹತ್ತಿಯ ಎಲೆ, ಮೆಣಸಿನ ಎಲೆ, ಕಬ್ಬಿನ ಗರಿ ಬಿಚ್ಚಿ, "ಯಾಕ್ರೀ ಸಾಹೇಬ್ರ, ಹಳದಿ ಆಗ್ಯಾವ?" ಎಂದು ರೈತರು ಕೇಳುತ್ತಿದ್ದರು. ಆ ಪ್ರಶ್ನೆಗೆ ಉತ್ತರ ಹುಡುಕುವುದರಲ್ಲೇ ನೌಕರಿ ಮುಗಿಯಿತು. ಆಮೇಲೆ ಹಳೆಯ ಕೃಷಿ ವರದಿಗಳನ್ನು ಓದುವ ಚಟ ಹತ್ತಿತು. ಹಾಗೆ ಓದುವಾಗ ಸಿಕ್ಕಿದ್ದು ಬಂಗಾಳದ ನೌಗಾಂವ್.

ನೌಗಾಂವ್ ಈಗ ಬಾಂಗ್ಲಾದೇಶದ ಒಂದು ಜಿಲ್ಲೆ. ಬ್ರಿಟಿಷರ ಕಾಲದಲ್ಲಿ ರಾಜಶಾಹಿ, ದಿನಾಜ್‌ಪುರ, ಬೊಗ್ರಾ ಜಿಲ್ಲೆಗಳು ಕೂಡುವ ಆ ಸೀಮೆಗೆ 'ಗಾಂಜಾ ಮಹಲ್' ಎಂಬ ಹೆಸರಿತ್ತು. ಸರ್ಕಾರದ ಪರವಾನಗಿ ಪಡೆದ ರೈತರು ಅಲ್ಲಿ ರಾಜಾರೋಷವಾಗಿ ಗಾಂಜಾ ಬೆಳೆಯುತ್ತಿದ್ದರು, ಸರ್ಕಾರ ಅದರ ಮೇಲೆ ತೆರಿಗೆ ಎತ್ತುತ್ತಿತ್ತು. ತೆರಿಗೆ ಬರುವ ಬೆಳೆ ಎಂದಮೇಲೆ ಅಧಿಕಾರಿಯ ಕಣ್ಣು ಹೊಲದ ಮೇಲೆ ಇರಲೇಬೇಕಲ್ಲ. 1877ರಲ್ಲಿ ಡೆಪ್ಯುಟಿ ಕಲೆಕ್ಟರ್ ಹೇಮಚಂದ್ರ ಕರ್ ಈ ಬೇಸಾಯ ಮತ್ತು ವ್ಯಾಪಾರದ ಬಗ್ಗೆ ದೊಡ್ಡದೊಂದು ವರದಿ ಬರೆದರು. 1893ರಲ್ಲಿ ಸಸ್ಯವಿಜ್ಞಾನಿ ಡೇವಿಡ್ ಪ್ರೇನ್ ಇನ್ನೊಂದು ಬರೆದರು. ಆಗ ಕಲ್ಕತ್ತೆಯ ಸಸ್ಯೋದ್ಯಾನದಲ್ಲಿದ್ದ ಪ್ರೇನ್ ಮುಂದೆ ಲಂಡನ್ನಿನ ಕ್ಯೂ ಉದ್ಯಾನಕ್ಕೆ ನಿರ್ದೇಶಕರಾದವರು. ರಾಗಿ, ಜೋಳ, ನವಣೆಗೆ ಇಂಥ ಭಾಗ್ಯ ಆ ಕಾಲದಲ್ಲಿ ಒದಗಿದ್ದನ್ನು ನಾನು ಕಂಡಿಲ್ಲ.

ಅಲ್ಲಿನ ಬೇಸಾಯದ ಕ್ರಮ ಹೀಗಿತ್ತು. ನೀರು ನಿಲ್ಲದ, ನೆರಳು ಬೀಳದ ಮರಳುಮಿಶ್ರಿತ ಹಗುರ ಮಣ್ಣೇ ಬೇಕು. ಬೇಸಿಗೆಯಿಂದಲೇ ಉಳುಮೆ ಮಾಡಿ, ಸಗಣಿಗೊಬ್ಬರ ಕೊಟ್ಟು, ಹೊಸ ಮಣ್ಣು ಹೊತ್ತು ಹಾಕುತ್ತಿದ್ದರು. ಆಗಸ್ಟ್‌ನಲ್ಲಿ ಒಟ್ಲು ಪಾತಿಗೆ ಬೀಜ, ಸೆಪ್ಟೆಂಬರ್‌ನಲ್ಲಿ ಏರಿಯ ಮೇಲೆ ಸಸಿ ನಾಟಿ. ಕೆಲವು ವಾರ ಕಳೆದ ಮೇಲೆ ಏರಿ ಕೆದರಿ, ಬುಡ ಬಿಡಿಸಿ, ಹಿಂಡಿ ಮತ್ತು ಸಗಣಿಗೊಬ್ಬರ ಬೆರೆಸಿ ಕೊಟ್ಟು ಮತ್ತೆ ಏರಿ ಕಟ್ಟುವುದು. ನವೆಂಬರ್‌ನಲ್ಲಿ ಕೆಳಗಿನ ರೆಂಬೆ ಸವರುವುದು. ಚಳಿಗಾಲದಲ್ಲಿ ನೀರು. ಜನವರಿಯಲ್ಲಿ ಹೂ ತುಂಬಿ, ಫೆಬ್ರವರಿಗೆ ಕೊಯ್ಲು. ಆಮೇಲೆ ಕಾಲಲ್ಲಿ ತುಳಿದು ಒತ್ತಿದರೆ ಚಪ್ಪಟೆ ಗಾಂಜಾ, ಹೊಸೆದು ಉರುಟು ಮಾಡಿದರೆ ಗೋಲ್ ಗಾಂಜಾ. ಉದುರಿದ ಪುಡಿ ಚೂರ್.

ಈ ಬೇಸಾಯದ ಪಂಡಿತ ಪೋದ್ದಾರ. ಇಂಗ್ಲಿಷ್ ಅಧಿಕಾರಿಗಳು ಅವನನ್ನು ಗಾಂಜಾ ಡಾಕ್ಟರ್ ಎಂದೇ ಬರೆದಿದ್ದಾರೆ. ಗಾಂಜಾ ಎಂದರೆ ಪರಾಗ ತಾಕದ ಹೆಣ್ಣು ಹೂವಿನ ಗೊಂಚಲು. ಹೊಲದಲ್ಲಿ ಗಂಡು ಗಿಡ ಉಳಿದು ಹೂ ಬಿರಿದರೆ ಗೊಂಚಲೆಲ್ಲ ಬೀಜ ಕಟ್ಟಿ ಬೆಲೆ ಬಿದ್ದುಹೋಗುತ್ತದೆ. ಆದ್ದರಿಂದ ಹೂ ಅರಳುವ ಮೊದಲೇ ಪೋದ್ದಾರ ಸಾಲು ಸಾಲು ನಡೆದು ಗಂಡು ಗಿಡಗಳನ್ನು ಗುರುತಿಸಿ ತೆಗೆಸಬೇಕು. ಅವನ ಬಳಿ ಭೂತಗನ್ನಡಿ ಇರಲಿಲ್ಲ, ಪುಸ್ತಕ ಇರಲಿಲ್ಲ. ಕಣ್ಣಿತ್ತು.

ಇದರಲ್ಲಿ ಎಲೆಯ ಬಣ್ಣದ ಮಾತು ಎಲ್ಲಿಂದ ಬಂತು ಎಂದು ಕೇಳಬಹುದು. ಯುರೋಪಿನ ಸೆಣಬಿನ ರೈತರು ಇದೇ ಗಿಡವನ್ನು ನಾರಿಗಾಗಿ ಬೆಳೆಯುತ್ತಿದ್ದರು. ಪರಾಗ ಉದುರಿಸಿದ ಗಂಡು ಗಿಡ ಬೇಗ ಹಳದಿಯಾಗಿ ಒಣಗುತ್ತದೆ. ಅವರು ಆ ಹಳದಿಗಾಗಿಯೇ ಕಾದು ಗಂಡುಗಳನ್ನು ಮೊದಲು ಕೀಳುತ್ತಿದ್ದರು, ಹೆಣ್ಣುಗಳನ್ನು ಬೀಜಕ್ಕೆ ಬಿಡುತ್ತಿದ್ದರು. ನೌಗಾಂವ್‌ನಲ್ಲಿ ಹಳದಿಗೆ ಕಾಯುತ್ತ ಕುಳಿತರೆ ಬೆಳೆಯೇ ಹಾಳು. ಗಿಡ ಒಂದೇ, ಹಳದಿಯೂ ಒಂದೇ. ಅಲ್ಲಿ ಅದು ಕೊಯ್ಲಿನ ಕರೆ, ಇಲ್ಲಿ ಕೈಮೀರಿದ ನಷ್ಟ.

ನನ್ನ ವೃತ್ತಿಯ ವಿಜ್ಞಾನ ಹುಟ್ಟಿದ್ದೂ ಆ ಶತಮಾನದಲ್ಲೇ. 1840ರಲ್ಲಿ ಜರ್ಮನಿಯ ಲೀಬಿಗ್ ಗಿಡದ ಆಹಾರ ಖನಿಜಗಳು ಎಂದು ವಾದಿಸಿದ. ಅದೇ ದಶಕದಲ್ಲಿ ಫ್ರಾನ್ಸಿನ ಯುಸೇಬ್ ಗ್ರಿಸ್ ಬಿಳಚಿದ ಎಲೆಗೆ ಕಬ್ಬಿಣದ ಲವಣ ಸವರಿ ಹಸಿರು ಮರಳಿಸಿದ. 1860ರ ಸುಮಾರಿಗೆ ಸಾಕ್ಸ್ ಮತ್ತು ಕ್ನೋಪ್ ಮಣ್ಣೇ ಇಲ್ಲದೆ ಲವಣದ ನೀರಿನಲ್ಲಿ ಗಿಡ ಬೆಳೆಸಿದರು. ಹಸಿರು ಬಣ್ಣದ ಅಣುವಿನಲ್ಲಿ ಮೆಗ್ನೀಸಿಯಂ ಇದೆಯೆಂದು ತೋರಿದ ವಿಲ್‌ಸ್ಟೆಟರ್‌ಗೆ 1915ರಲ್ಲಿ ನೊಬೆಲ್ ಬಂತು. ಎಲೆ ನೋಡಿಯೇ ಕೊರತೆ ಹೇಳುವುದು ಹೇಗೆಂದು ಇಂಗ್ಲೆಂಡಿನ ಥಾಮಸ್ ವ್ಯಾಲೇಸ್ ಬಣ್ಣದ ಚಿತ್ರಗಳ ಪುಸ್ತಕ ತಂದದ್ದು 1943ರಲ್ಲಿ.

ಆ ನೂರು ವರ್ಷಗಳ ದುಡಿಮೆಯನ್ನೆಲ್ಲ ಹಿಂಡಿದರೆ ರೈತನಿಗೆ ಬೇಕಾದ ಸಾರ ಇಷ್ಟು. ಕೆಳಗಿನ ಹಳೆ ಎಲೆ ಇಡಿಯಾಗಿ ಹಳದಿಯಾದರೆ ಸಾರಜನಕದ ಅನುಮಾನ. ಹಳೆ ಎಲೆಯಲ್ಲೇ ನರ ಹಸಿರಾಗಿ ಉಳಿದು ನಡುವಿನ ಜಾಗ ಬಿಳಚಿದರೆ ಮೆಗ್ನೀಸಿಯಂ. ಅಂಚು ಸುಟ್ಟಂತಾದರೆ ಪೊಟ್ಯಾಷ್. ತುದಿಯ ಎಳೆ ಎಲೆ ನರ ಬಿಟ್ಟು ಹಳದಿಯಾದರೆ ಕಬ್ಬಿಣ, ನರಸಮೇತ ಹಳದಿಯಾದರೆ ಗಂಧಕ. ಸಾರಜನಕ, ಮೆಗ್ನೀಸಿಯಂ, ಪೊಟ್ಯಾಷ್‌ಗಳನ್ನು ಗಿಡ ಹಳೆ ಎಲೆಯಿಂದ ಎಳೆದು ಹೊಸದಕ್ಕೆ ಸಾಗಿಸಬಲ್ಲದು, ಕಬ್ಬಿಣವನ್ನು ಹಾಗೆ ಸಾಗಿಸಲಾರದು. ಭೇದವೆಲ್ಲ ಇಲ್ಲೇ ಇದೆ. ಇನ್ನು ಬೇರು ನೀರಿನಲ್ಲಿ ನಿಂತಿದ್ದರೆ, ಮಣ್ಣು ತೀರ ಸುಣ್ಣವಾಗಿದ್ದರೆ, ಗೊಬ್ಬರ ಇದ್ದೂ ಗಿಡಕ್ಕೆ ಸಿಗುವುದಿಲ್ಲ.

ಹೂಬಿಡುವ ಹೊತ್ತಿನಲ್ಲಿ ಈ ಲೆಕ್ಕಕ್ಕೆ ಇನ್ನೊಂದು ತೊಡಕು ಸೇರುತ್ತದೆ. ಗಿಡ ತನ್ನ ಗಂಟನ್ನೆಲ್ಲ ಹೂವಿಗೆ ಸುರಿಯುತ್ತದೆ. ಮದುವೆ ಮನೆಯ ಯಜಮಾನ ಹಳೆ ಪೆಟ್ಟಿಗೆ ಖಾಲಿ ಮಾಡಿದ ಹಾಗೆ ಕೆಳಗಿನ ಎಲೆಗಳಿಂದ ಸಾರಜನಕ ಮೇಲೇರುತ್ತದೆ. ಆ ಎಲೆಗಳು ಹಳದಿಯಾಗಿ ಉದುರುತ್ತವೆ. ಕೊಯ್ಲಿಗೆ ಎರಡು ವಾರ ಇರುವಾಗ ಇದು ರೋಗವಲ್ಲ, ಮಾಗುವಿಕೆ. ಹೂ ಕಚ್ಚುವ ಮೊದಲೇ ಹೀಗಾದರೆ ಅದು ಹಸಿವು.

ಈಗ ನೌಗಾಂವ್‌ನ ಪಂಚಾಂಗವನ್ನು ಇನ್ನೊಮ್ಮೆ ನೋಡಿ. ಹಿಂಡಿ ಬಿದ್ದದ್ದು ಹೂವಿಗೆ ಬಹಳ ಮೊದಲು. ಬಂಗಾಳದ ಗಾಣದಲ್ಲಿ ಮುಖ್ಯವಾಗಿ ಸಿಗುತ್ತಿದ್ದದ್ದು ಸಾಸಿವೆ ಹಿಂಡಿ. ಅದರಲ್ಲಿ ಶೇಕಡಾ 5ರಷ್ಟು ಸಾರಜನಕ ಇದೆ, ಜೊತೆಗೆ ಗಂಧಕವೂ ಇದೆ. ಆದರೆ ಹಿಂಡಿ ಕರಗಿ ಬೇರಿಗೆ ಒದಗಲು ಸೂಕ್ಷ್ಮಜೀವಿಗಳು ವಾರಗಟ್ಟಲೆ ಕೆಲಸ ಮಾಡಬೇಕು, ಅವಕ್ಕೆ ಬೆಚ್ಚಗಿನ ಮಣ್ಣು ಬೇಕು. ಡಿಸೆಂಬರ್ ಚಳಿಯಲ್ಲಿ ಹಳದಿ ಕಂಡಮೇಲೆ ಹಾಕಿದ ಹಿಂಡಿ ಫೆಬ್ರವರಿಯ ಕೊಯ್ಲಿಗೆ ದಕ್ಕುವುದು ಕಷ್ಟ. ನಮ್ಮ ತೋಟಗಳಿಗೆ ಹೊಂಗೆ ಹಿಂಡಿ, ಬೇವಿನ ಹಿಂಡಿ ಕೊಡುವವರಿಗೂ ಈ ನಿಧಾನ ಗೊತ್ತು. ಏರಿಯ ಮೇಲಿನ ನಾಟಿ ಬೇರನ್ನು ನೀರಿನಿಂದ ಕಾಯುತ್ತಿತ್ತು. ಹೇಗೂ ನೆರಳಿನಲ್ಲಿ ಸೊರಗಿ ಹಳದಿಯಾಗುತ್ತಿದ್ದ ಕೆಳರೆಂಬೆಗಳನ್ನು ನವೆಂಬರ್‌ನಲ್ಲೇ ಸವರಿಬಿಡುತ್ತಿದ್ದರು. ನಾನು ಪ್ರಯೋಗಾಲಯದಲ್ಲಿ ಚೀಟಿ ಬರೆದು ಕೊಡುತ್ತಿದ್ದ ಸಲಹೆಗಳಲ್ಲಿ ಮುಕ್ಕಾಲು ಪಾಲು ಅವರ ವರ್ಷದ ಕೆಲಸದಲ್ಲೇ ಇತ್ತು. ವ್ಯತ್ಯಾಸ ಒಂದೇ: ನನ್ನ ಬಳಿ ಜನ ಬರುತ್ತಿದ್ದದ್ದು ಎಲೆ ಹಳದಿಯಾದ ಮೇಲೆ.

ಗಾಂಜಾ ಜನರನ್ನು ಹುಚ್ಚರನ್ನಾಗಿ ಮಾಡುತ್ತದೆಂಬ ಕೂಗು ಬ್ರಿಟಿಷ್ ಸಂಸತ್ತಿನಲ್ಲಿ ಎದ್ದಮೇಲೆ 1893ರಲ್ಲಿ ಇಂಡಿಯನ್ ಹೆಂಪ್ ಡ್ರಗ್ಸ್ ಕಮಿಷನ್ ನೇಮಕವಾಯಿತು. ಮ್ಯಾಕ್‌ವರ್ತ್ ಯಂಗ್ ಅಧ್ಯಕ್ಷ. ಏಳು ಸದಸ್ಯರಲ್ಲಿ ಮೂವರು ಭಾರತೀಯರು. ಒಬ್ಬ, ಡಾಕ್ಟರ್ ವಾರ್ಡನ್, ರಸಾಯನಶಾಸ್ತ್ರದ ಪ್ರಾಧ್ಯಾಪಕ. ಕನ್ನಡ ಜಿಲ್ಲೆಗಳಿದ್ದ ಮುಂಬಯಿ ಪ್ರಾಂತ್ಯವೂ ಸೇರಿ ದೇಶದುದ್ದಕ್ಕೂ 1,193 ಸಾಕ್ಷಿಗಳ ವಿಚಾರಣೆ ನಡೆಯಿತು. ಮಿತವಾದ ಬಳಕೆಯಿಂದ ಹೇಳಿಕೊಳ್ಳುವಂಥ ಹಾನಿಯಿಲ್ಲ, ಪೂರ್ಣ ನಿಷೇಧ ಬೇಡ, ಹತೋಟಿ ಇರಲಿ ಎಂದು 1894ರಲ್ಲಿ ತೀರ್ಪು ಬಂತು. ತೀರ್ಪಿನ ಹಿಂದೆ ಖಜಾನೆಯ ಹಿತ ಎಷ್ಟಿತ್ತೆಂಬ ಚರ್ಚೆ ಬೇರೆ. ನನಗೆ ಮುಖ್ಯವಾದದ್ದು, ಆ ಸಂಪುಟಗಳಲ್ಲಿ ಬೇಸಾಯದ ಕ್ರಮಕ್ಕೂ ಜಾಗ ಸಿಕ್ಕಿತು ಎಂಬುದು.

1917ರಲ್ಲಿ ನೌಗಾಂವ್‌ನ ಬೆಳೆಗಾರರು ಸಹಕಾರ ಸಂಘ ಕಟ್ಟಿಕೊಂಡರು. ಗಾಂಜಾದ ಲಾಭದಲ್ಲಿ ಶಾಲೆ, ದವಾಖಾನೆ, ರಸ್ತೆ, ಸೇತುವೆಗಳಾದವು. ದೇಶ ಒಡೆದಾಗ ನೌಗಾಂವ್ ಪೂರ್ವ ಪಾಕಿಸ್ತಾನಕ್ಕೆ ಹೋಯಿತು. 1961ರ ಅಂತರರಾಷ್ಟ್ರೀಯ ಒಪ್ಪಂದ ಗಾಂಜಾವನ್ನು ಕಟ್ಟುನಿಟ್ಟಿನ ಹತೋಟಿಗೆ ತಂದಿತು. ಭಾರತದಲ್ಲಿ 1985ರ ಮಾದಕವಸ್ತು ಕಾಯ್ದೆ ಬಂತು, 1987ರಲ್ಲಿ ಬಾಂಗ್ಲಾದೇಶ ಈ ಬೇಸಾಯವನ್ನು ನಿಲ್ಲಿಸಿತು. ಪೋದ್ದಾರನ ಕಸುಬು ಅಲ್ಲಿಗೆ ಮುಗಿಯಿತು.

ಆ ಬೆಳೆ ಮತ್ತೆ ಬರಲಿ ಎಂದು ನಾನು ಹೇಳುತ್ತಿಲ್ಲ, ಕಾನೂನು ಕಾನೂನೇ. ಬರಬೇಕಾದದ್ದು ಆ ಕಣ್ಣು. ನಿಮ್ಮ ಹೊಲದಲ್ಲಿ ಮೆಣಸಿನಗಿಡವೋ ಹತ್ತಿಯೋ ಹೂವಿನ ಹೊತ್ತಿಗೆ ಹಳದಿ ತೋರಿದರೆ ಯೂರಿಯಾ ಚೀಲಕ್ಕೆ ಕೈ ಹಾಕುವ ಮೊದಲು ಮೂರು ಪ್ರಶ್ನೆ ಕೇಳಿಕೊಳ್ಳಿ: ಯಾವ ಎಲೆ, ಯಾವ ತಿಂಗಳು, ಬುಡದಲ್ಲಿ ನೀರು ನಿಂತಿದೆಯೋ ಇಲ್ಲವೋ. ಉತ್ತರ ಸಿಗದಿದ್ದರೆ ಎಲೆಯ ಜೊತೆ ಒಂದು ಹಿಡಿ ಮಣ್ಣನ್ನೂ ಕಟ್ಟಿಕೊಂಡು ಪ್ರಯೋಗಾಲಯಕ್ಕೆ ಹೋಗಿ.